ಅವ್ವನ ನಾಲ್ಕು ತಾಸು

ಹೊತ್ತು ಅಳೆಯಲು ನಮಗೆ ಕಣ್ಣು, ಕಿವಿಯಂಥ ಪ್ರತ್ಯೇಕ ಅಂಗವಿಲ್ಲ ಎಂದು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ನಾನು, ವರ್ಷಾ ಮೇಡಂ, ಪಾಠ ಮಾಡುತ್ತೇನೆ. ಗಮನ ಬೇರೆ ಕಡೆ ಹೋದರೆ ಹೊತ್ತು ಓಡುತ್ತದೆ, ಹೊತ್ತಿನ ಮೇಲೆಯೇ ಗಮನ ಇಟ್ಟರೆ ಅದು ಹಿಗ್ಗುತ್ತದೆ. ಮನಶ್ಶಾಸ್ತ್ರದ ಹುಡುಗರು ಇದನ್ನು ಬರೆದುಕೊಳ್ಳುತ್ತಲೇ ಕಿಟಕಿಯಾಚೆ ನೋಡಿ, ಪಾಠ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರಯೋಗ ತೋರಿಸಲು ನನ್ನಿಂದ ಆಗಿಲ್ಲ.

ಅವ್ವ ಹುನಗುಂದದಲ್ಲಿ ನನ್ನ ಅಣ್ಣನ ಜೊತೆ ಇದ್ದಳು. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಬಾಗಲಕೋಟೆಯಲ್ಲಿ ಡಯಾಲಿಸಿಸ್ ಮಾಡಿಸಬೇಕಾಯಿತು. ಹಾಗಾಗಿ ನನ್ನ ಮನೆಗೆ ಬಂದು ಉಳಿದಳು. ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಅವಳಿಗೆ ಒಗ್ಗುವ ಮಾತಲ್ಲ. ಬಂದ ಮರುದಿನವೇ, "ಬಂದು ಭಾಳ ದಿನಾ ಆತು, ಇನ್ನ ಹೋಗ್ತೇನಿ" ಅಂದಳು.

ಯಂತ್ರಕ್ಕೆ ರಕ್ತ ಹರಿಸಬೇಕೆಂದರೆ ಮೊದಲು ಒಂದು ಕೈಯಲ್ಲಿ ಸಣ್ಣ ಆಪರೇಶನ್ ಮಾಡಿ ರಕ್ತನಾಳವನ್ನು ಸಜ್ಜು ಮಾಡುತ್ತಾರೆ. ಬಲಗೈಯಲ್ಲಿ ಉಣ್ಣುವವರಿಗೆ ಎಡಗೈಗೆ ಮಾಡುವುದು ವಾಡಿಕೆ. ಅವ್ವ ಒಪ್ಪಲಿಲ್ಲ.

"ಎಡಗೈ ಲಿಂಗದ ಕೈ ಐತ್ರಿ ಡಾಕ್ಟರ್ರ. ಅದನ್ನ ಬಿಡ್ರಿ."

"ಬಲಗೈಗೆ ಸೂಜಿ ಚುಚ್ಚಿದ್ರ ಊಟಾ ಹ್ಯಾಂಗ್ ಮಾಡ್ತೀರಿ ಅಮ್ಮಾರ?" ಎಂದು ಡಾಕ್ಟರು ಕೇಳಿದರು.

"ಊಟಾ ಮಗಳು ಮಾಡಸ್ತಾಳ. ನನ್ನ ಪೂಜಿ ಅಕಿ ಮಾಡಾಕ ಬರ್ತೈತೇನ್ರಿ?"

ಡಾಕ್ಟರು ನಕ್ಕು ಬಲಗೈಗೇ ಮಾಡಿದರು.

ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ದಿಟ್ಟಿಸುತ್ತ ಕೂತರೆ ಅವಳಿಗೆ ಹೊತ್ತಿನ ಅರಿವೇ ಇರುತ್ತಿರಲಿಲ್ಲ. ಎದ್ದು ಬಂದವಳು "ಈಗ ಕುಂತಿದ್ನೆಲ್ಲ" ಅನ್ನುತ್ತಿದ್ದಳು. ಅಷ್ಟರಲ್ಲಿ ನಾನು ಅವಳ ಚಹಾವನ್ನು ಎರಡು ಸಲ ಬಿಸಿ ಮಾಡಿರುತ್ತಿದ್ದೆ. ಅದೇ ಅವ್ವ ದವಾಖಾನೆಯ ಹಾಸಿಗೆಯ ಮೇಲೆ ಮಲಗಿ ಇನ್ನೂ ಅರ್ಧ ತಾಸು ಆಗಿರುತ್ತಿರಲಿಲ್ಲ, ಆಗಲೇ "ಮುಗೀತೇನ್ರಿ?" ಎಂದು ನರ್ಸನ್ನು ಕೇಳುತ್ತಿದ್ದಳಂತೆ. ಒಂದು ಸಲಕ್ಕೆ ನಾಲ್ಕು ತಾಸು ಬೇಕು. ಎದುರು ಗೋಡೆಗೆ ದೊಡ್ಡ ಗಡಿಯಾರ ಬೇರೆ. ನಾನು ಹೊರಗೆ ಬೆಂಚಿನ ಮೇಲೆ ಉತ್ತರಪತ್ರಿಕೆ ತಿದ್ದುತ್ತ ಕೂತಿರುತ್ತಿದ್ದೆ. ನನ್ನ ನಾಲ್ಕು ತಾಸು ಹೋದದ್ದೇ ತಿಳಿಯುತ್ತಿರಲಿಲ್ಲ.

ಪಾಠ ಹೇಳುವವರ ಚಾಳಿ ಎಲ್ಲಿ ಸುಮ್ಮನಿರುತ್ತದೆ? ಗಡಿಯಾರ ಕಾಣದ ಹಾಸಿಗೆ ಕೇಳಿ ಕೊಡಿಸಿದೆ. ಅವಳು ಯಂತ್ರದ ಮೇಲೆ ಓಡುವ ಅಂಕಿಗಳನ್ನು ನೋಡತೊಡಗಿದಳು. ಮೊಬೈಲಿನಲ್ಲಿ ಪ್ರವಚನ ಹಚ್ಚಿಕೊಟ್ಟೆ. "ಹೇಳಿದ್ದನ್ನ ಹೇಳ್ತಾನ ಅಂವಾ" ಅಂದಳು. ಕೊನೆಗೆ ನನಗೆ ಬಹಳ ಸರಳ ಅನ್ನಿಸಿದ ಉಪಾಯ ಹೇಳಿದೆ. "ಎಡಗೈ ಖಾಲಿ ಇರ್ತೈತೆಲ್ಲ ಬೇ, ಅಲ್ಲೇ ಲಿಂಗಾ ಹಿಡಕೊಂಡ ಕುಂಡ್ರು. ಹೊತ್ತ ಹೋಗಿದ್ದ ತಿಳಿಯೂದಿಲ್ಲ."

ಅವ್ವ ನನ್ನ ಮುಖವನ್ನೇ ನೋಡಿದಳು. "ಹೊತ್ತ ಕಳ್ಯಾಕ ಲಿಂಗಾ ಹಿಡೀತಾರೇನ? ಅದೇನ ನಿನ್ನ ಮೊಬೈಲೇನ?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ಉಪಾಯ ಅವಳ ಕೊರಳಲ್ಲೇ ಇದೆ, ಬಳಸಲು ಮಾತ್ರ ಒಲ್ಲೆ ಅನ್ನುತ್ತಾಳೆ. ಇಂಥವರಿಗೆ ಯಾವ ಶಾಸ್ತ್ರ ಹೇಳುವುದು?

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಸಂಜೆ ದವಾಖಾನೆಯಿಂದ ಬಂದವಳೇ ಸಾಕು ಅಂದಳು. "ಸಾಯಾಕ ಅಂಜಿಕಿಲ್ಲ ನನಗ. ಆ ನಾಕ ತಾಸಿಂದ ಅಂಜಿಕಿ. ಇನ್ನ ಒಲ್ಲೆ. ಹುನಗುಂದಕ್ಕ ಕಳಸು."

ಡಯಾಲಿಸಿಸ್ ಬಿಟ್ಟರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಈ ಸಲ ನಾನು ಉಪಾಯ ಹೇಳಲು ಹೋಗಲಿಲ್ಲ. "ನನಗ ನೀ ಬೇಕು ಬೇ" ಅಂದೆ. ನನ್ನ ಹತ್ತಿರ ಬೇರೆ ಕಾರಣ ಇರಲಿಲ್ಲ.

ಅವಳು ರೊಟ್ಟಿ ಮುರಿಯುತ್ತ ಕರಾರು ಹಾಕಿದಳು. "ಬರ್ತೇನಿ. ಆದ್ರ ನೀ ಹೊರಗ ಪೇಪರ ತಿದ್ದಕೋತ ಕುಂಡ್ರೂದ ಬ್ಯಾಡ. ಒಳಗ ಬಾ. ಕೈಯಾಗ ಏನೂ ಹಿಡೀಬ್ಯಾಡ. ಎಷ್ಟ ಉದ್ದ ಐತಿ ನೀನೂ ನೋಡು."

ನರ್ಸು ಒಂದು ಸ್ಟೂಲು ಕೊಟ್ಟರು. ನಾನು ಬರಿಗೈಯಲ್ಲಿ ಕೂತೆ. ಇಬ್ಬರ ಮಾತೂ ಬೇಗ ಮುಗಿದುಹೋಗುತ್ತಿತ್ತು. ಆಮೇಲೆ ಯಂತ್ರದ ಸದ್ದು, ಪಕ್ಕದವರ ಕೆಮ್ಮು, ಫಿನಾಯಿಲ್ ವಾಸನೆ. ಕಾಲು ಜೋಮು ಹಿಡಿಯುತ್ತಿತ್ತು. ತರಗತಿಯಲ್ಲಿ ಅಷ್ಟು ಹಗುರಾಗಿ ಹೇಳುತ್ತಿದ್ದ ಮಾತು ಬೆನ್ನುಮೂಳೆಗೆ ತಿಳಿಯತೊಡಗಿತು. ಒಮ್ಮೊಮ್ಮೆ ಅವ್ವನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. "ಬ್ಯಾಸರಾತೇನ?" ಎಂದು ಕೇಳುತ್ತಿದ್ದಳು. "ಹೂಂ" ಅನ್ನುತ್ತಿದ್ದೆ. ಅದು ಅವಳಿಗೆ ಎಂಥದೋ ಸಮಾಧಾನ ಕೊಡುತ್ತಿತ್ತು. ಮತ್ತೆಂದೂ ಅವಳು ಸಾಕು ಅನ್ನಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ಕಳೆದ ಚಳಿಗಾಲದಲ್ಲಿ ಅಣ್ಣನ ಮನೆಗೆ ಹೋಗಿದ್ದಾಗ ನಿದ್ದೆಯಲ್ಲೇ ಹೋದಳು.

ಹುನಗುಂದದಲ್ಲಿ ಅವಳ ಶಿವಗಣಾರಾಧನೆಯ ದಿನ, ಬಂದವರ ಊಟವೆಲ್ಲ ಮುಗಿದ ಮೇಲೆ ಅಣ್ಣ ನನ್ನ ಪಕ್ಕ ಬಂದು ಕೂತ. "ಎರಡ ವರ್ಷ ಹ್ಯಾಂಗ ಹ್ವಾದ್ವು ತಿಳೀಲೇ ಇಲ್ಲ ನೋಡು" ಅಂದ.

ನನ್ನ ಮೈ ಉರಿದುಹೋಯಿತು. ತಿಳಿಯದೇ ಇದ್ದದ್ದು ನಿನಗೆ. ಅಲ್ಲಿ ಕೂತವಳು ನಾನು, ಒಂದೊಂದು ದಿನ ಎಷ್ಟು ಉದ್ದ ಇತ್ತು ಹೇಳುತ್ತೇನೆ ಕೇಳು ಎಂದು ಬಾಯಿ ತೆರೆದೆ. ಹೇಳಹೋದರೆ ನೆನಪಿಗೆ ಬಂದದ್ದು ಒಂದು ಮಧ್ಯಾಹ್ನ. ಇನ್ನೊಂದನ್ನು ಹುಡುಕಿದೆ, ಅದೂ ಅದೇ ಮಧ್ಯಾಹ್ನ. ಒಂದೇ ಥರದ ದಿನಗಳನ್ನು ಮಿದುಳು ಬೇರೆ ಬೇರೆಯಾಗಿ ತೆಗೆದಿಡುವುದಿಲ್ಲ. ಅದನ್ನೂ ನಾನು ಪಾಠ ಮಾಡುತ್ತೇನೆ. ನಾನು ಬೇಕು ಅಂದೆನೆಂದು ಅವ್ವ ತಾಸು ತಾಸಾಗಿ ಸವೆಸಿದ ಎರಡು ವರ್ಷಗಳಲ್ಲಿ ನನ್ನ ಪಾಲಿಗೆ ಉಳಿದದ್ದು ಆ ಒಂದೇ ಮಧ್ಯಾಹ್ನ. ಅಳು ಬಂತು. ಅವಳು ಹೋದ ದಿನವೂ ಅಷ್ಟು ಬಂದಿರಲಿಲ್ಲ.

"ಹೌದು" ಅಂದೆ ಅಣ್ಣನಿಗೆ. "ತಿಳೀಲೇ ಇಲ್ಲ."