ಮೈಗಳ್ಳಿ ಎಂಬ ಹೆಸರು

ಮಸ್ಕಿಯ ನಮ್ಮ ಓಣಿಯಲ್ಲಿ ನನಗೆ ಮೈಗಳ್ಳಿ ಎಂಬ ಹೆಸರು ಬಿದ್ದದ್ದು ಮದುವೆಯಾದ ಮೊದಲ ವರ್ಷವೇ. ಇಟ್ಟವರು ನಮ್ಮ ಅತ್ತೆ. ನಾಲ್ಕು ರೊಟ್ಟಿ ಬಡಿದರೆ ಗೋಡೆಗೆ ಒರಗುತ್ತಿದ್ದೆ, ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದೆ. ಮೂರು ಮಕ್ಕಳನ್ನು ಹೆತ್ತೆ, ದನದ ಸೆಗಣಿ ಬಳಿದೆ, ಕಳೆ ಕಿತ್ತೆ. ಆದರೂ ಮೈಗಳ್ಳಿಯೇ. ಬರಬರುತ್ತಾ ನಾನೂ ನಂಬಿದೆ.

ಎಳ್ಳಮಾವಾಸ್ಯೆ ಬಂತೆಂದರೆ ಜೀವ ಹಾರುತ್ತಿತ್ತು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯದ ಬುಟ್ಟಿಯನ್ನು ಸೊಸೆಯೇ ಹೊತ್ತು ಹೊಲಕ್ಕೆ ನಡೆಯಬೇಕು. ಅದು ಮುಟ್ಟುವತನಕ ಪೂಜೆಯಿಲ್ಲ, ಬೆಳೆಗೆ ನೈವೇದ್ಯದ ಚರಗ ಚೆಲ್ಲುವಂತಿಲ್ಲ, ಯಾರೂ ಉಣ್ಣುವಂತಿಲ್ಲ. ಭೂಮಿತಾಯಿಯ ಊಟವಾದ್ದರಿಂದ ದಾರಿಯಲ್ಲಿ ಬುಟ್ಟಿ ನೆಲಕ್ಕಿಡಬಾರದು, ಅದು ನಮ್ಮ ಮನೆಯ ಪದ್ಧತಿ. ನಾನು ಬುಟ್ಟಿ ಹೊತ್ತುಕೊಂಡೇ ಬೇವಿನ ಮರಕ್ಕೆ ಒರಗಿ ಏದುಸಿರು ಬಿಡುತ್ತಿದ್ದೆ. ಪ್ರತಿ ವರ್ಷ ತಡ, ಪ್ರತಿ ವರ್ಷ ಬೈಗುಳ.

ತೊಂಬತ್ತರ ದಶಕದ ನಡುವೆ, ಐವತ್ತೈದು ದಾಟಿದ ಮೇಲೆ, ನನ್ನ ಕಾಲು ಬಾತವು. ಮಗ ಲಿಂಗಸುಗೂರಿನ ಡಾಕ್ಟರ ಹತ್ತಿರ ಕರೆದೊಯ್ದ. ಅವರು ರಾಯಚೂರಿಗೆ ಕಳಿಸಿ ಹೃದಯದ ಸ್ಕ್ಯಾನ್ ಮಾಡಿಸಿದರು.

"ಇದು ಈಗ ಬಂದದ್ದಲ್ಲವ್ವಾ. ಹುಟ್ಟಿದಾಗಿಂದ ನಿಮ್ಮ ಎದಿಯೊಳಗ ತೂತೈತಿ. ಇಷ್ಟು ವರ್ಷ ಹ್ಯಾಂಗ ದುಡದ್ರಿ?" ಎಂದರು.

ಆಪರೇಷನ್ನಿನ ಕಾಲ ಮೀರಿತ್ತಂತೆ. ಗುಳಿಗೆ ನುಂಗಬೇಕು, ಉಪ್ಪು ಬಿಡಬೇಕು, ಭಾರ ಹೊರಬಾರದು. ಮಗ ಕಣ್ಣೊರೆಸಿಕೊಂಡ. ನನಗೋ ನಾಚಿಕೆಯಿಲ್ಲದ ಖುಷಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಯೋಚನೆ: ಎಂಬತ್ತರ ಹತ್ತಿರದ ಅತ್ತೆ ಬದುಕಿರುವಾಗಲೇ ಮೈಗಳ್ಳಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮನೆಯಲ್ಲಿ ಮಗ ಎಲ್ಲ ಹೇಳಿದ. ಅತ್ತೆ "ಹೂಂ" ಎಂದು ಎಲೆ ಅಡಿಕೆ ಜಗಿಯುತ್ತ ಕೂತರು.

ಆ ವರ್ಷದ ಎಳ್ಳಮಾವಾಸ್ಯೆಗೆ ನನ್ನ ಸೊಸೆ ಹೆರಿಗೆಗೆಂದು ಗೊರೇಬಾಳದ ತವರಿನಲ್ಲಿದ್ದಳು. ಗಂಡಸರು ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದರು. ಯಾರನ್ನೂ ಕೇಳದೆ ಬುಟ್ಟಿ ಹೊತ್ತೆ. ಮೊಂಡುತನವೇ ಅನ್ನಿ. ಅತ್ತೆ ಕೋಲೂರುತ್ತ ಹಿಂದೆ ಬಂದರು. ಅರ್ಧ ದಾರಿಗೆ ಉಸಿರು ಕಟ್ಟಿ ನಿಂತೆ.

"ಕೆಳಗಿಡು," ಎಂದರು ಅತ್ತೆ.

"ನೆಲಕ್ಕ ಇಡಬಾರದಲ್ರಿ."

"ನಾ ಹೇಳಾಕತ್ತೀನಿ, ಇಡು."

ಇಟ್ಟೆ. ಇಬ್ಬರೂ ದಾರಿಯ ಬದಿಗೆ ಕೂತೆವು. ಅತ್ತೆ ಕೋಲನ್ನು ಪಕ್ಕಕ್ಕಿಟ್ಟರು.

"ಮೊದಲ ಹೇಳಬಾರದಿತ್ತೇನು? ನನಗೇನ್ ಗೊತ್ತು, ಎದ್ಯಾಗ ತೂತೈತಿ ಅಂತ."

"ದಿನಾ ಹೇಳೀನಲ್ರಿ ಅತ್ತಿ, ದಣಿವಾಗೈತಿ ಅಂತ."

ಅವರು ನನ್ನ ಮುಖ ನೋಡಲಿಲ್ಲ. "ನಾವೂ ದಣದಿದ್ವಿ ಬೇ. ನಮಗ ಯಾರೂ ಕುಂದ್ರು ಅನ್ನಲಿಲ್ಲ."

ಗೆಲ್ಲಬೇಕೆಂದೇ ಇಷ್ಟು ದಿನ ಕಾದಿದ್ದೆ. ಈಗ ಏನೆಂದು ಜಗಳವಾಡಲಿ? ಹೊಲದ ಕಡೆಯಿಂದ ಮಗ ಕೂಗುತ್ತಿದ್ದ. ನಾವಿಬ್ಬರೂ ಏಳಲಿಲ್ಲ.