ಜಜ್ಜು ಸಾಹೇಬರು ನನಗೆ ಪರಿಚಯ

ಬೆಳಿಗ್ಗೆ ಏಳು ಗಂಟೆ. ಬೆಂಗಳೂರಿನಲ್ಲಿ ಹೈಕೋರ್ಟ್ ಜಜ್ಜು ಸಾಹೇಬರ ಬಂಗಲೆಯ ಗೇಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದುಕೊಂಡು ಹೋದರೆ ನನಗಿಂತ ಮೊದಲೇ ಒಬ್ಬ ಅಲ್ಲಿ ನಿಂತಿದ್ದ. ಯಾರು? ನನ್ನ ಮೈದುನ ಶರಣಪ್ಪ. ನನ್ನ ಮೇಲೆ ಕೇಸು ಹಾಕಿದವನು. ಅವನ ಕೈಯಲ್ಲಿ ತುಪ್ಪದ ಡಬ್ಬಿ.

"ವೈನಿ, ನೀವೂ ಬಂದ್ರೇನು?" ಎಂದ.

"ಯಾಕ, ಬೆಂಗಳೂರ ನಿಮ್ಮಪ್ಪ ಕಟ್ಟಿಸ್ಯಾನೇನಲೇ?" ಎಂದೆ.

(ಅವರಪ್ಪ ನನಗೆ ಮಾವ. ಸತ್ತವರು ಸಿಟ್ಟಾಗಬಾರದು.)

ಕೇಸು ದೊಡ್ಡದಲ್ಲ. ಜೇವರ್ಗಿ ಕೋರ್ಟಿನ ಎದುರು ನನ್ನ ಖಾನಾವಳಿ ಇದೆ. ಗಂಡ ಸತ್ತ ಮೇಲೆ ಅವನ ಜಾಗದಲ್ಲಿ ತಗಡು ಹೊದಿಸಿ ಒಲೆ ಹೂಡಿದೆ. ಆ ಜಾಗದಲ್ಲಿ ಅರ್ಧ ತನ್ನದು ಎನ್ನುತ್ತಾನೆ ಮೈದುನ. ಅವನು ಕೇಳುವ ಅರ್ಧದಲ್ಲೇ ನನ್ನ ಒಲೆ ಇದೆ. ಅದು ಹೋದರೆ ಖಾನಾವಳಿ ಹೋಯಿತು. ಜೇವರ್ಗಿಯಲ್ಲಿ ನಾನು ಗೆದ್ದೆ. ಗುಲಬರ್ಗಾದಲ್ಲಿ ಅವನು ಗೆದ್ದ. ನಾನು ಬೆಂಗಳೂರಿಗೆ ಅಪೀಲು ಹೋದೆ. ತೀರ್ಪು ಬರುವವರೆಗೆ ಜಾಗ ಇದ್ದ ಹಾಗೇ ಇರಬೇಕು ಅಂತ ಆರ್ಡರ್ ಆಯಿತು. ತೂತು ಬಿದ್ದ ಒಂದು ತಗಡನ್ನೂ ಬದಲಿಸುವ ಹಾಗಿಲ್ಲ. ಮಳೆ ಬಂದರೆ ಊಟಕ್ಕೆ ಕೂತ ವಕೀಲರು ತಾಟು ಹಿಡಿದುಕೊಂಡು ಓಡಾಡುತ್ತಾರೆ. ಅವರ ಪೈಕಿಯವರೇ ಕೇಳಿ ಪಡೆದ ಆರ್ಡರ್. ಅನುಭವಿಸಲಿ.

ಅದು ಬಿಡಿ. ಏಳು ವರ್ಷ ಮಲಗಿದ್ದ ಫೈಲು ಕೊನೆಗೆ ಎದ್ದು ಕೂತದ್ದು ಯಾರ ಮುಂದೆ? ನಮ್ಮ ಶಿವರಾಯರ ಮುಂದೆ.

ಶಿವರಾಯರು ಅಫಜಲಪುರ ಕಡೆಯವರು. ಎಮರ್ಜೆನ್ಸಿಗೆ ಮೊದಲು, ಲಾ ಓದಿ ಜೇವರ್ಗಿಗೆ ವಕೀಲಿ ಮಾಡಲು ಬಂದಾಗ ಇದ್ದದ್ದು ಒಂದೇ ಕರಿ ಕೋಟು. ಎರಡು ಹೊತ್ತೂ ನನ್ನಲ್ಲೇ ಊಟ. ಅವರ ಮೊದಲನೇ ಕಕ್ಷಿದಾರ ಇದೇ ಮೈದುನ. ಇವನ ಎತ್ತು ಬೇರೆಯವರ ಜೋಳ ಮೇಯ್ದ ಕೇಸು. ಸೋತರು. (ಎತ್ತು ಪಂಚರು ಬರುವವರೆಗೂ ಆ ಹೊಲದಲ್ಲೇ ಮೇಯುತ್ತಾ ನಿಂತಿತ್ತು. ವಕೀಲ ಏನು ಮಾಡಬೇಕು?)

ಮುಂದೆ ಪರೀಕ್ಷೆ ಪಾಸು ಮಾಡಿ ಆಳಂದಕ್ಕೆ ಮುನ್ಸೀಫ್ ಆಗಿ ಹೋದರು. ಹೋದವರೇ ಬಾಯಿ ಕಟ್ಟಿದರು. ಯಾರ ಮದುವೆಗೂ ಹೋಗಲಿಲ್ಲ, ಯಾರ ಮನೆಯ ಚಹಾನೂ ಕುಡಿಯಲಿಲ್ಲ. ಸ್ವಂತ ಸೋದರಮಾವ ಒಂದು ಬುಟ್ಟಿ ಸೀತಾಫಲ ತಂದರೆ, "ನಿಮ್ದು ಇಲ್ಲಿ ಕೇಸ್ ಏನರೇ ಅದ ಏನು ಮಾಮಾ?" ಎಂದು ಕೇಳಿದರಂತೆ. ಇದೆ ಅಂದದ್ದಕ್ಕೆ ಬುಟ್ಟಿ ಸಮೇತ ವಾಪಸ್ ಬಸ್ಸು ಹತ್ತಿಸಿದರಂತೆ. ಜನ ಹುಚ್ಚು ಮುನ್ಸೀಫ್ ಅಂದರು. ಜಿಲ್ಲಾ ಜಜ್ಜು ಆದರು. ಸೊಕ್ಕು ಅಂದರು. ಹೈಕೋರ್ಟಿಗೆ ಹೋದರು. ಅದೇ ಜನ ಬಸ್‌ಸ್ಟ್ಯಾಂಡಿನಲ್ಲಿ ಬಟ್ಟೆಯ ಬ್ಯಾನರ್ ಕಟ್ಟಿದರು, "ನಮ್ಮ ಹೆಮ್ಮೆಯ ಪುತ್ರ" ಅಂತ. ಅದರಲ್ಲಿ ಶಿವರಾಯರ ಹೆಸರಿಗಿಂತ ಸೋದರಮಾವನ ಹೆಸರು ದೊಡ್ಡ ಅಕ್ಷರದಲ್ಲಿತ್ತು.

ನನ್ನ ಕೇಸು ಅವರ ಮುಂದೆ ಬಂತೆಂದು ತಿಳಿದ ದಿನ ಖಾನಾವಳಿಯಲ್ಲಿ ಹಬ್ಬ.

"ಅಕ್ಕ, ನಿಮ್ಮ ಕೇಸ ಗೆದ್ದಂಗೇ ತಿಳಕೋರಿ" ಎಂದ ಕೋರ್ಟಿನ ಮುಂದೆ ಟೈಪ್ ಮಾಡುವ ಮಹಬೂಬ. "ನಿಮ್ಮ ರೊಟ್ಟಿ ತಿಂದೇ ಅವ್ರು ಅಷ್ಟ ಮ್ಯಾಲ ಹೋಗ್ಯಾರ."

ಹಾಗಾದರೆ ಆ ರೊಟ್ಟಿಯ ನೆನಪು ಮಾಡಿಕೊಟ್ಟರೆ ತಪ್ಪೇನು? ನಾವು ಯಾರ ಮನೆಗಾದರೂ ಬರಿಗೈಯಲ್ಲಿ ಹೋಗುತ್ತೇವೆಯೇ?

ಗೇಟಿನ ಪೊಲೀಸಪ್ಪ ಹೆಸರು ಕೇಳಿದ. ಗುರುಬಸವ್ವ ಅನ್ನುವುದು ರೇಷನ್ ಕಾರ್ಡಿನಲ್ಲಿ ಮತ್ತು ಕೇಸಿನ ಫೈಲಿನಲ್ಲಿ ಮಾತ್ರ. ಜೇವರ್ಗಿಯಲ್ಲಿ ಆ ಹೆಸರು ಯಾರಿಗೂ ಗೊತ್ತಿಲ್ಲ.

"ಜೇವರ್ಗಿ ಖಾನಾವಳಿ ಅಕ್ಕ ಬಂದಾಳಂತ ಹೇಳು. ಇವತ್ತ ಸಾಹೇಬ್ರ ಮುಂದ ನನ್ನ ಕೇಸ ಅದ ಅಂತನೂ ಹೇಳು" ಎಂದೆ.

ಮೈದುನ ಬಿಡುತ್ತಾನೆಯೇ? "ಎತ್ತಿನ ಕೇಸಿನ ಶರಣಪ್ಪ ಅನ್ರಿ. ನಂದೂ ಅದೇ ಕೇಸ್ ರೀ."

ಒಳಗೆ ಹೋದವನು ಎರಡೇ ನಿಮಿಷದಲ್ಲಿ ಬಂದ. "ಇಬ್ರೂ ಹೊರಡಿ. ತಂದಿರೋದನ್ನೂ ತಗೊಂಡ್ಹೋಗಿ."

"ನನ್ನ ಹೆಸರ ಬರೋಬ್ಬರಿ ಹೇಳಿದಿ ಇಲ್ಲೋ?"

"ಹೇಳ್ದೆ ಕಣಮ್ಮ. ಹೆಸ್ರು ಕೇಳಿದ್ಮೇಲೇ ಹೊರಡೋಕೆ ಹೇಳಿದ್ದು."

ಕೋರ್ಟು ಶುರುವಾಗಲು ಹೊತ್ತಿತ್ತು. ಹೊಟ್ಟೆ ಹಸಿದಿತ್ತು. ಫುಟ್‌ಪಾತಿನ ಮೇಲೆ ನಾನು ಗಂಟು ಬಿಚ್ಚಿದೆ, ಅವನು ಡಬ್ಬಿ ತೆಗೆದ. ಜಜ್ಜಿನ ಸಲುವಾಗಿ ತಂದ ತುಪ್ಪ, ಒಳ್ಳೆಯದೇ ಇತ್ತು. ನನ್ನ ಮನೆಗೆ ಎಂದಾದರೂ ಇಂಥದ್ದು ತಂದಿದ್ದನೇ?

"ವೈನಿ, ಹಿಂಡಿ ಖಾರ ಭಾಳ ಆಗ್ಯಾದ."

"ಸುಮ್ಮನ ತಿನ್ನು. ಇದಕ್ಕೂ ಅಪೀಲ್ ಹೋಗ್ತಿಯೇನು?"

ಹನ್ನೊಂದೂವರೆಗೆ ನಮ್ಮ ಕೇಸು ಕೂಗಿದರು. ಶಿವರಾಯರು ಬಿಳಿ ಕೂದಲಾಗಿ, ದಪ್ಪ ಕನ್ನಡಕ ಹಾಕಿ ಮೇಲೆ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು. ಫೈಲನ್ನು ಹೇಗೆ ನೋಡಿದರೋ ಹಾಗೇ ನೋಡಿದರು. ಇಂಗ್ಲಿಷಿನಲ್ಲಿ ಎರಡು ಮಾತು ಆಡಿ ಫೈಲು ಮುಚ್ಚಿದರು. ನಾನು ಕನ್ನಡವನ್ನೇ ಮೂರನೇ ಇಯತ್ತೆ ತನಕ ಕಲಿತವಳು. ಗೆದ್ದೆ ಅಂದುಕೊಂಡೆ. ಆ ಕಡೆ ಮೈದುನನೂ ಹಾಗೇ ಅಂದುಕೊಂಡು ಕೈ ಮುಗಿಯುತ್ತಿದ್ದ.

ಹೊರಗೆ ಬಂದ ಮೇಲೆ ನಮ್ಮ ವಕೀಲರು ಬಿಡಿಸಿ ಹೇಳಿದರು. "ಇಬ್ರೂ ಪರಿಚಯದವ್ರು, ನಾ ಈ ಕೇಸ ಕೇಳಂಗಿಲ್ಲ ಅಂದ್ರು ನೋಡ್ರಿ. ಬ್ಯಾರೆ ಜಜ್ಜಿಗಿ ಹೋಗ್ತದ."

"ಯಾವಾಗ?"

"ನಂಬರ್ ಬಂದಾಗ್ರಿ."

"ನಾ ಬಂಗಲಿಗಿ ಹೋಗಿದ್ದಿಲ್ಲಂದ್ರ?"

ವಕೀಲರು ಕೋಟು ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡರು. "ಫೈಲಿನ್ಯಾಗಿನ ಹೆಸರ ನೋಡಿ ಅವ್ರಿಗಿ ನಿಮ್ಮ ಗುರ್ತ ಹತ್ತತಿದ್ದಿಲ್ರಿ. ಗೇಟಿನ್ಯಾಗ ನಿಂತು ನೀವೇ ಗುರ್ತ ಹೇಳಿ ಬಂದ್ರಿ."

ಏಳು ವರ್ಷ ಕಾದದ್ದನ್ನು ಎರಡು ನಿಮಿಷದಲ್ಲಿ ಕಳೆದೆ. ಅದೂ ನನ್ನ ಬಾಯಿಂದಲೇ.

ಈಗ ಜೇವರ್ಗಿಯ ವಕೀಲರು ನನ್ನ ಬೆಂಚಿನ ಮೇಲೆ ಕೂತು, ಬಾಯಿ ತುಂಬ ಅನ್ನ ಇಟ್ಟುಕೊಂಡು, "ಎಂಥಾ ಪ್ರಾಮಾಣಿಕ ಮನುಷ್ಯಾರಿ" ಅನ್ನುತ್ತಾರೆ. ಹೌದು, ಇಲ್ಲ ಅನ್ನಲಿ ಹೇಗೆ? ಪ್ರಾಮಾಣಿಕ ಜಜ್ಜು ಬೇಕು ಅಂತ ನಾವೆಲ್ಲ ಹೇಳುತ್ತೇವೆ. ಎದುರು ಪಾರ್ಟಿಗೆ ಬೇಕು ಅಂತ. ಅವತ್ತು ಫೈಲು ಮುಚ್ಚದೆ ನನ್ನ ಕಡೆ ತೀರ್ಪು ಕೊಟ್ಟಿದ್ದರೆ ಅವರನ್ನು ದೇವರು ಅನ್ನುತ್ತಿದ್ದೆ. ಮೈದುನನ ಕಡೆ ಕೊಟ್ಟಿದ್ದರೆ ಏನು ಅನ್ನುತ್ತಿದ್ದೆನೋ, ಅದು ನಾಲ್ಕು ಜನರ ಮುಂದೆ ಹೇಳುವಂಥದ್ದಲ್ಲ.

ಮೈದುನನಿಗೆ ಮೊಣಕಾಲು ನೋವು. ಕೇಸಿಗೆ ಈಗ ಅವನ ಮಗ ಓಡಾಡುತ್ತಾನೆ. ನಾನೂ ಮಗಳಿಗೆ ಕೇಸಿನ ನಂಬರು ಬಾಯಿಪಾಠ ಮಾಡಿಸಿದ್ದೇನೆ. ಮೊನ್ನೆ ಮಹಬೂಬ ಸುದ್ದಿ ತಂದ. ಬರುವ ತಿಂಗಳು ಶಿವರಾಯರಿಗೆ ಅರವತ್ತೆರಡು ತುಂಬುತ್ತದಂತೆ, ನಿವೃತ್ತಿಯಂತೆ, ಊರಿಗೆ ಕರೆಸಿ ಸನ್ಮಾನವಂತೆ. ನಮ್ಮ ಕೇಸು ಏನಾಯಿತು ಅಂದೆ. ಇನ್ನೂ ನಂಬರ್ ಬಂದಿಲ್ಲ ಅಂದ.

ಜಜ್ಜಿಗೆ ಅರವತ್ತೆರಡಕ್ಕೆ ಸಾಕು ಮಾಡು ಅನ್ನುವ ಕಾನೂನು ಕೇಸಿಗೆ ಯಾಕಿಲ್ಲ?