ಕನ್ನಡಿಯೊಳಗಿನ ಬಲಗೈ

ಕಳೆದ ಸೋಮವಾರ ಬೆಳಿಗ್ಗೆ ಅರ್ಧ ಮುಖ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪು ಹಚ್ಚಿಕೊಂಡು ಕುಳಿತಿದ್ದೆ. ಅಂದೇ ನನ್ನ ಮದುವೆ, ಸೊರಬದಲ್ಲಿ. ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಅಷ್ಟರಲ್ಲಿ, ದಿಬ್ಬಣಕ್ಕೆಂದು ಉಳವಿಯಿಂದ ಬಂದಿದ್ದ ಸೋದರಮಾವ ನನ್ನನ್ನು ಹುಡುಕಿಕೊಂಡು ಶಿಕಾರಿಪುರದ ಆ ಕ್ಷೌರದಂಗಡಿಗೆ ಕಾಲಿಟ್ಟರು.

"ತಡಿ ಮಾರಾಯ. ಎಡಗೈಯಲ್ಲಿ ಮದುಮಗನ ಮುಖ ಮುಟ್ಟೂದಾ?"

ಎಡಚ ಕ್ಷೌರಿಕ ಹನುಮಂತಣ್ಣ ಕತ್ತಿ ನಿಲ್ಲಿಸಿದ. ಮೀಸೆ ಚಿಗುರಿದ ದಿನದಿಂದ ನನ್ನ ಮುಖ ಅವನದೇ ಸುಪರ್ದಿ. ಮದುವೆ ಕ್ಷೌರವೂ ತನ್ನದೇ ಎಂದು ತಿಂಗಳಿಂದ ಊರೆಲ್ಲ ಹೇಳಿಕೊಂಡು ಬಂದಿದ್ದ.

ಇಂಥ ತಕರಾರಿಗೆ ಅವನ ಬಳಿ ಉತ್ತರ ಸಿದ್ಧವಿತ್ತು. "ಕನ್ನಡಿ ನೋಡ್ರಿ ಯಜಮಾನ್ರೆ. ಅದ್ರಾಗೆ ಬಲಗೈನೇ ಐತಲ್ರಿ."

ಮಾವ ನೋಡಿದರು. ಬಲಗೈಯೇ! ಇನ್ನೇನು ಒಪ್ಪುವವರಿದ್ದರು. ನಾನು ಸುಮ್ಮನಿರಬಾರದಿತ್ತೇ? (ಸೈನ್ಸ್ ಮೇಷ್ಟ್ರು ನೋಡಿ. ಬಾಯಿಗೆ ಸೋಪು ಹೋದರೂ ಪಾಠ ನಿಲ್ಲದು.)

"ಕನ್ನಡಿಯನ್ನ ನಂಬೋ ಹಾಗಿಲ್ಲ ಮಾವ," ಎಂದೆ. ಹೋದ ವರ್ಷದ, ಅಂದರೆ 1957ರ ಸುದ್ದಿ. ಓದಿದಾಗಿನಿಂದ ಯಾರಿಗಾದರೂ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ನಮ್ಮ ಲೋಕಕ್ಕೂ ಕನ್ನಡಿಯ ಲೋಕಕ್ಕೂ ನಿಯಮ ಒಂದೇ ಎಂದು ದೊಡ್ಡ ದೊಡ್ಡ ವಿಜ್ಞಾನಿಗಳೂ ನಂಬಿದ್ದರು. ಬುಗುರಿಯಂತೆ ಸುತ್ತುವ ಪರಮಾಣುಗಳನ್ನು ಭಾರೀ ಥಂಡಿಯಲ್ಲಿಟ್ಟು, ಎಲ್ಲವನ್ನೂ ಒಂದೇ ದಿಕ್ಕಿಗೆ ನಿಲ್ಲಿಸಿ ನೋಡಿದರು. ಅವುಗಳಿಂದ ಸಿಡಿಯುವ ಎಲೆಕ್ಟ್ರಾನುಗಳು ಎರಡೂ ಕಡೆ ಸಮನಾಗಿ ಹಾರಬೇಕಿತ್ತು. ಒಂದು ಕಡೆಗೇ ಹೆಚ್ಚು ಹಾರಿದವು. ಕನ್ನಡಿಯಲ್ಲಿ ಕಂಡದ್ದೆಲ್ಲ ನಮ್ಮ ಲೋಕದಲ್ಲಿ ನಡೆಯುವುದಿಲ್ಲ. ಸೃಷ್ಟಿಗೂ ಎಡ ಬಲ ಗೊತ್ತು!

ಮಾವ ಹನುಮಂತಣ್ಣನತ್ತ ತಿರುಗಿದರು. "ಕೇಳಿದ್ಯಾ? ಕನ್ನಡಿ ನಡೆಯೂದಿಲ್ಲ ಅಂತ ನಿನ್ನ ಗಿರಾಕಿನೇ ಹೇಳ್ತಿದಾನೆ."

ಹನುಮಂತಣ್ಣ ಕತ್ತಿ ಒರೆಸಿ ಮಡಚಿದ. ಅವನಿಗಿದ್ದ ಒಂದೇ ಉತ್ತರವನ್ನು ನಾನೇ ಕಿತ್ತುಕೊಂಡಿದ್ದೆ.

"ಪಾಠ ಮುಗಿದಿಲ್ಲ ಮಾವ. ಆ ಎಲೆಕ್ಟ್ರಾನುಗಳು ಸುತ್ತುತ್ತಾ ಹಾರ್ತವೆ. ಯಾವ ಕಡೆ ಸುತ್ತು ಗೊತ್ತಾ? ಬಹುಪಾಲು ಎಡಕ್ಕೆ. ಈ ವಿಷಯದಲ್ಲಿ ಸೃಷ್ಟಿನೇ ಎಡಚ."

ಹನುಮಂತಣ್ಣನ ಮುಖ ಮೆಲ್ಲಗೆ ಅರಳಿತು. "ಹೌದೇನ್ರಿ? ಹಂಗಾರೆ ನಾ ಒಬ್ನೇ ಅಲ್ಲ ಅನ್ರಿ."

ಮಾವ ತಮ್ಮ ಗಡ್ಡ ಸವರಿಕೊಂಡು ಬೆಂಚಿನ ಮೇಲೆ ಕುಳಿತರು. "ಬೇಗ ಮುಗ್ಸು ಮಾರಾಯ. ಆಮೇಲೆ ನಂದೂ ಒಂಚೂರು ನೋಡು."

ಬಸ್ಸು ಸಿಕ್ಕಿತು, ಮದುವೆಯೂ ಆಯಿತು. ಚಪ್ಪರದಡಿ ಮಾವ ತಮ್ಮ ನುಣುಪು ಕೆನ್ನೆಯನ್ನು ಬೀಗರಿಗೆಲ್ಲ ತೋರಿಸಿಕೊಂಡು ಓಡಾಡುತ್ತಿದ್ದರೆ ನನಗೆ ಖುಷಿಯೋ ಖುಷಿ.

ಅಲ್ಲ, ಒಂದು ಕೈಗೆ 'ಬಲ' ಎಂದು ಹೆಸರಿಡುವಾಗ ಇನ್ನೊಂದು ಕೈಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ?